ಹಳೆಯ ಗಾಡಿಯನ್ನು ಯಾವ ಕಾರಣಕ್ಕೆ ಹೊಗಳಬೇಕು?

(ಕಲಬುರಗಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ವಿದ್ಯಾರ್ಥಿಗಳು ಮತ್ತು ಗ್ಯಾರೇಜ್ ಮಿಸ್ತ್ರಿಗಳು ಕೂಡಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಹಿರಿಯರೆ, ಮಿಸ್ತ್ರಿಗಳೆ, ವಿದ್ಯಾರ್ಥಿ ಮಿತ್ರರೆ,

ಹಳೆಯ ಕಾರು, ಹೊಸ ಕಾರಿನ ಮಾತು ತೆಗೆದರೆ ನಮ್ಮ ಕಡೆ ಮೊದಲು ಕೇಳಿಬರುವುದು ಇದು: "ಆಗಿನ ಗಾಡಿ ಅಂದ್ರ ಕಬ್ಬಣರೀ. ಈಗಿನವು ಬೆರಳಲೆ ಒತ್ತಿದ್ರ ತಗ್ಗ ಬೀಳ್ತಾವ." ಸೂಪರ್ ಮಾರ್ಕೆಟ್ಟಿನ ಚಹಾ ಅಂಗಡಿಯಲ್ಲಿ ಕೇಳಿ, ಜೇವರ್ಗಿಯ ಟ್ಯಾಕ್ಸಿಯವರನ್ನು ಕೇಳಿ, ಇದೇ ಮಾತು. ನಾನು ಇದನ್ನು ಒಪ್ಪುವುದಿಲ್ಲ. ಹಳೆಯ ಗಾಡಿಯನ್ನು ಹೊಗಳಲು ಒಳ್ಳೆಯ ಕಾರಣ ಇದೆ, ಆದರೆ ಅದು ಕಬ್ಬಿಣವಲ್ಲ. ನಾವು ಇಲ್ಲದ ಗುಣವನ್ನು ಹೊಗಳುತ್ತ, ಇದ್ದ ಗುಣವನ್ನು ಮರೆತಿದ್ದೇವೆ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಆದರೆ ಸಾವಕಾಶವಾಗಿ ಹೇಳಬೇಕು.

ಹೋಲಿಸಲು ಎರಡು ಗಾಡಿ ಇಟ್ಟುಕೊಳ್ಳೋಣ. ಒಂದು ಅಂಬಾಸಿಡರ್, ಇನ್ನೊಂದು ಮಾರುತಿಯ ಈಗಿನ ಡಿಸೈರ್. ಇವೆರಡನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಹಿಂದೆ ಅಂಬಾಸಿಡರ್ ಮಾಡುತ್ತಿದ್ದ ಕೆಲಸವನ್ನೇ ಇವತ್ತು ಡಿಸೈರ್ ಮಾಡುತ್ತಿದೆ: ಮದುವೆ ಬಾಡಿಗೆ, ಹುಣ್ಣಿಮೆಗೆ ಗಾಣಗಾಪುರ, ಆಸ್ಪತ್ರೆಗೆಂದು ಸೊಲ್ಲಾಪುರ ಇಲ್ಲವೇ ಹೈದರಾಬಾದ್.

ಅಂಬಾಸಿಡರ್ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿ. ಹಿಂದುಸ್ತಾನ್ ಮೋಟರ್ಸ್ ಅದನ್ನು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಗೆ ತಯಾರಿಸಲು ಹಿಡಿದು 2014ರ ಮೇ ತಿಂಗಳವರೆಗೂ ತಯಾರಿಸಿತು. ಅರ್ಧ ಶತಮಾನ ದಾಟಿದರೂ ಮೈಕಟ್ಟು ಹೆಚ್ಚು ಬದಲಾಗಲಿಲ್ಲ. ಇಲ್ಲಿ ಕೂತ ಹಿರಿಯರು ಓಡಿಸಿದ್ದರಲ್ಲಿ ಹೆಚ್ಚಿನವು 1489 ಸಿಸಿ ಪೆಟ್ರೋಲ್ ಎಂಜಿನ್ನಿನವು, ಶಕ್ತಿ ಸುಮಾರು 50 ಅಶ್ವಶಕ್ತಿ. 1992ರಲ್ಲಿ ಇಸುಜು ಎಂಜಿನ್ ಬಂದ ಮೇಲೆ ಅದು 75ರ ಹತ್ತಿರ ಹೋಯಿತು. ಈಗಿನ ಡಿಸೈರ್ 1197 ಸಿಸಿ, ಮೂರೇ ಸಿಲಿಂಡರ್, ಆದರೂ 80 ಅಶ್ವಶಕ್ತಿಯ ಆಸುಪಾಸು. ಮೈಲೇಜಿನಲ್ಲಿ ಅಂಬಾಸಿಡರ್ ಲೀಟರ್ ಪೆಟ್ರೋಲಿಗೆ ಹತ್ತು ಕಿಲೋಮೀಟರ್ ಕೊಟ್ಟರೆ ಮಾಲೀಕ ಖುಷಿಯಾಗುತ್ತಿದ್ದ. ಡಿಸೈರ್ ಮ್ಯಾನುಯಲ್ ಗಾಡಿಗೆ ಕಂಪನಿ ಹೇಳುವುದು 24.79. ರಸ್ತೆಯಲ್ಲಿ ಅಷ್ಟು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಬಂದಷ್ಟಾದರೂ ಅಂಬಾಸಿಡರಿಗಿಂತ ಬಹಳ ಮುಂದೆ. ಈ ಲೆಕ್ಕದಲ್ಲಿ ವಾದ ಮಾಡುವಂಥದ್ದು ಏನೂ ಇಲ್ಲ, ಮುಂದೆ ಹೋಗುತ್ತೇನೆ.

ವಾದ ಇರುವುದು ಕಬ್ಬಿಣದ ಮೇಲೆ.

ಅಮೆರಿಕದಲ್ಲಿ ವಿಮಾ ಕಂಪನಿಗಳು ನಡೆಸುವ ಒಂದು ರಸ್ತೆ ಸುರಕ್ಷತಾ ಸಂಸ್ಥೆ ಇದೆ. 1959ರಲ್ಲಿ ಶುರುವಾದದ್ದು. ಐವತ್ತು ವರ್ಷ ತುಂಬಿದಾಗ, 2009ರಲ್ಲಿ, ಅವರು ಒಂದು ಪ್ರಯೋಗ ಮಾಡಿದರು. 1959ರ ಷೆವರ್ಲೆ ಬೆಲ್ ಏರ್ ಕಾರನ್ನು ಒಂದು ಕಡೆ ನಿಲ್ಲಿಸಿದರು, 2009ರ ಷೆವರ್ಲೆ ಮಾಲಿಬುವನ್ನು ಎದುರಿಗೆ ನಿಲ್ಲಿಸಿದರು. ಒಂದೇ ಕಂಪನಿಯ ಗಾಡಿಗಳು, ಮಧ್ಯೆ ಐವತ್ತು ವರ್ಷ. ಎರಡನ್ನೂ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಎದುರಾಬದುರು, ಡ್ರೈವರ್ ಕೂರುವ ಪಕ್ಕಕ್ಕೆ ಡ್ರೈವರ್ ಪಕ್ಕ ತಾಗುವಂತೆ ಗುದ್ದಿಸಿದರು. ಬೆಲ್ ಏರ್ ಅಂದರೆ ಸಾಮಾನ್ಯ ಗಾಡಿಯಲ್ಲ. ನಮ್ಮ ಅಂಬಾಸಿಡರಿಗಿಂತ ದೊಡ್ಡದು, ಮೈತುಂಬ ಉಕ್ಕು.

ಫಲಿತಾಂಶದ ವಿಡಿಯೋ ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ, ಮನೆಗೆ ಹೋಗಿ ನೋಡಿ. ಬೆಲ್ ಏರ್‌ನಲ್ಲಿ ಡ್ರೈವರ್ ಕೂತ ಜಾಗವೇ ಕುಸಿದುಹೋಯಿತು. ಡ್ಯಾಶ್‌ಬೋರ್ಡು, ಸ್ಟೇರಿಂಗು ಒಳಗೆ ನುಗ್ಗಿ, ಡ್ರೈವರ್ ಬದಲಿಗೆ ಕೂರಿಸಿದ್ದ ಗೊಂಬೆಯ ಮೇಲೆ ಬಂದವು. ಅಲ್ಲಿ ಮನುಷ್ಯ ಕೂತಿದ್ದರೆ ಉಳಿಯುತ್ತಿರಲಿಲ್ಲ. ಮಾಲಿಬುವಿನ ಮುಂಭಾಗ ಪುಡಿಪುಡಿಯಾಯಿತು, ಆದರೆ ಒಳಗಿನ ಗೂಡು ಹಾಗೇ ನಿಂತಿತು. ಅದರ ಡ್ರೈವರಿಗೆ ಕಾಲಿಗೆ ಪೆಟ್ಟಾಗಬಹುದಿತ್ತು, ಅಷ್ಟೇ.

ಇದು ಯಾಕೆ ಹೀಗಾಯಿತು ಎಂಬುದನ್ನು ಡಿಪ್ಲೊಮಾ ಹುಡುಗರು ಲೆಕ್ಕ ಹಾಕಿ ನೋಡಬೇಕು, ನನ್ನ ಮಾತು ನಂಬಬೇಡಿ. 64 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 17.8 ಮೀಟರ್. ಆ ವೇಗ ಸೊನ್ನೆಗೆ ಬರಲೇಬೇಕು. ಎಷ್ಟು ದೂರದಲ್ಲಿ ಬರುತ್ತದೆ ಎಂಬುದೇ ಪ್ರಶ್ನೆ. ಗಾಡಿಯ ಮೂತಿ ಬಾಗದೆ ಹತ್ತು ಸೆಂಟಿಮೀಟರಿನಲ್ಲಿ ನಿಂತಿತು ಅನ್ನಿ. ವೇಗದ ವರ್ಗವನ್ನು ದೂರದ ಎರಡು ಪಟ್ಟಿನಿಂದ ಭಾಗಿಸಿ, ಬಂದದ್ದನ್ನು ಗುರುತ್ವದ 9.8ರಿಂದ ಮತ್ತೆ ಭಾಗಿಸಿ. ಒಳಗಿನವನ ಮೇಲೆ ಅವನ ತೂಕದ ಸುಮಾರು 160 ಪಟ್ಟು ಬಲ ಬೀಳುತ್ತದೆ. ಅದೇ ಮೂತಿ ಮಡಚುತ್ತ ಹೋಗಿ ಅರವತ್ತು ಸೆಂಟಿಮೀಟರಿನಲ್ಲಿ ನಿಂತರೆ ಬಲ ಸುಮಾರು 27 ಪಟ್ಟು. ಮೊದಲನೆಯದರಲ್ಲಿ ಒಳಗಿನ ಅಂಗಾಂಗ ಹರಿಯುತ್ತವೆ. ಎರಡನೆಯದರಲ್ಲಿ ಬೆಲ್ಟು ಕಟ್ಟಿದ ಮನುಷ್ಯ ಬದುಕಬಹುದು. ಎತ್ತರದ ಕಟ್ಟೆಯಿಂದ ಜಿಗಿಯುವ ಹುಡುಗ ಮೊಣಕಾಲು ಮಡಚುತ್ತಾನಲ್ಲ, ಗಾಡಿಯ ಮೂತಿ ಮಾಡುವುದೂ ಅದನ್ನೇ. ತಗ್ಗು ಬೀಳುವುದು ಅದರ ದೋಷವಲ್ಲ, ಅದರ ಕೆಲಸ. ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬರೇನಿ 1950ರ ದಶಕದಲ್ಲೇ ಈ ವಿಚಾರವನ್ನು ರೂಪಿಸಿದ್ದ: ಮುಂದೆ ಹಿಂದೆ ಮೆತ್ತಗಿರಬೇಕು, ಜನ ಕೂರುವ ಗೂಡು ಗಟ್ಟಿ ಇರಬೇಕು.

ಇನ್ನೊಂದು ಮಾತು, ತಾಯಂದಿರು ಕೇಳಿಸಿಕೊಳ್ಳಬೇಕು. ಅಂಬಾಸಿಡರಿನ ಮುಂದಿನ ಸೀಟು ಉದ್ದ ಬೆಂಚು. ಗೇರ್ ಸ್ಟೇರಿಂಗಿನ ಪಕ್ಕದಲ್ಲೇ ಇದ್ದದ್ದರಿಂದ ಮಧ್ಯೆ ಒಬ್ಬರು ಕೂರಬಹುದಿತ್ತು, ಅವರ ತೊಡೆಯ ಮೇಲೆ ಒಂದು ಕೂಸು. ಎಷ್ಟು ಮನೆಗಳ ಸಂತೋಷದ ನೆನಪು ಅದು! ಆದರೆ ಈಗ ಹೇಳಿದ ಲೆಕ್ಕವನ್ನೇ ಹಿಡಿಯಿರಿ. ಹತ್ತು ಕಿಲೋ ಕೂಸು, 27 ಪಟ್ಟು. ತಾಯಿ ಎರಡು ಕೈಯಲ್ಲಿ 270 ಕಿಲೋ ಹಿಡಿದು ನಿಲ್ಲಿಸಬೇಕು. ಯಾವ ತಾಯಿಗೂ ಆಗುವುದಿಲ್ಲ. ಮೂರು ಬಿಂದುವಿನ ಸೀಟ್ ಬೆಲ್ಟನ್ನು ವೋಲ್ವೋದ ನಿಲ್ಸ್ ಬೋಲಿನ್ ರೂಪಿಸಿದ, 1959ರಲ್ಲೇ ಅದು ಗಾಡಿಗೆ ಬಂತು. ಕಂಪನಿ ಆ ಪೇಟೆಂಟನ್ನು ಬೇರೆಯವರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಅಂದರೆ ನಮ್ಮ ಅಂಬಾಸಿಡರ್ ಮತ್ತು ಆ ಬೆಲ್ಟು ಹೆಚ್ಚು ಕಡಿಮೆ ಒಂದೇ ವಯಸ್ಸಿನವು. ಇಬ್ಬರೂ ಭೇಟಿಯಾಗಲು ದಶಕಗಳೇ ಹಿಡಿದವು.

ಹೊಸದು ಅಂದ ಮಾತ್ರಕ್ಕೆ ಸುರಕ್ಷಿತ ಅಂತ ನಾನು ಹೇಳುತ್ತಿಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದಲ್ಲಿ ಮಾರಾಟವಾಗುತ್ತಿದ್ದ ಐದು ಕಾರುಗಳನ್ನು ಗುದ್ದಿಸಿ ನೋಡಿತು. ಐದಕ್ಕೂ ದೊಡ್ಡವರ ಸುರಕ್ಷತೆಯಲ್ಲಿ ಸೊನ್ನೆ ಸ್ಟಾರ್. ಏರ್‌ಬ್ಯಾಗ್ ಇಲ್ಲದ, ಅಗ್ಗದ ಮಾದರಿಗಳು ಅವು. ಆ ಸುದ್ದಿ ಬಂದ ಮೇಲೆ ಜನ ಕೇಳಲು ಶುರುಮಾಡಿದರು, ಸರ್ಕಾರವೂ ನಿಯಮ ತಂದಿತು. 2018ರಲ್ಲಿ ಟಾಟಾ ನೆಕ್ಸಾನ್ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರಾಯಿತು. 2019ರ ಏಪ್ರಿಲ್‌ನಿಂದ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿಯದಂತೆ ತಡೆಯುವ ವ್ಯವಸ್ಥೆ), ಅದೇ ಜುಲೈನಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದವು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಡಿಸೈರ್‌ನ ಹೊಸ ಮಾದರಿಗೆ 2024ರಲ್ಲಿ ಐದು ಸ್ಟಾರ್ ಬಂತು. ಹತ್ತು ವರ್ಷದಲ್ಲಿ ಸೊನ್ನೆಯಿಂದ ಐದು. ಕೇಳುವವರು ಇದ್ದರೆ ಕೊಡುವವರೂ ಕೊಡುತ್ತಾರೆ, ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ ಇದು. ಇಂಥ ದೇಶದಲ್ಲಿ "ಕಬ್ಬಣದ ಗಾಡಿ" ಎಂಬ ನಂಬಿಕೆಯನ್ನು ಮಕ್ಕಳಿಗೆ ದಾಟಿಸಬಾರದು.

ಈಗ ಬಿಸಿಲಿನ ಮಾತು. ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ 42, 43 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮಧ್ಯಾಹ್ನ ಶಹಾಬಾದ್ ಕಡೆಯಿಂದ ಬರುವಾಗ ಅಂಬಾಸಿಡರ್ ಕೆಮ್ಮಿ ನಿಂತುಬಿಡುತ್ತಿತ್ತು. ಡ್ರೈವರ್ ಬಾನೆಟ್ ಎತ್ತಿ ಒದ್ದೆ ಬಟ್ಟೆಯನ್ನು ಎ.ಸಿ. ಪಂಪಿನ ಮೇಲೆ ಹಾಕುತ್ತಿದ್ದ, ಹತ್ತು ನಿಮಿಷ ಬೇವಿನ ಗಿಡದ ನೆರಳು, ಆಮೇಲೆ ಮತ್ತೆ ಸ್ಟಾರ್ಟ್. ಹುಡುಗರಿಗೆ ಗೊತ್ತಿರಲಿ, ಈ ಎ.ಸಿ. ಪಂಪಿಗೂ ತಂಪು ಗಾಳಿಗೂ ಸಂಬಂಧವಿಲ್ಲ, ಪೆಟ್ರೋಲ್ ಎಳೆಯುವ ಪಂಪಿಗೆ ಮಿಸ್ತ್ರಿಗಳು ಇಟ್ಟ ಹೆಸರು. ಅದು ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು, ದೂರದ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು. ಎಳೆಯುವ ಕಡೆ ಒತ್ತಡ ಕಡಿಮೆ, ಎಂಜಿನ್ನಿನ ಕಾವು ಬೇರೆ. ಪೆಟ್ರೋಲು ಪೈಪಿನಲ್ಲೇ ಕುದಿದು ಆವಿಯಾಗುತ್ತಿತ್ತು. ಆವಿಯನ್ನು ಆ ಪಂಪು ತಳ್ಳಲಾರದು. ಹೊಸ ಗಾಡಿಯಲ್ಲಿ ಪಂಪು ಟ್ಯಾಂಕಿನ ಒಳಗೇ ಪೆಟ್ರೋಲಿನಲ್ಲಿ ಮುಳುಗಿ ಕೂತಿರುತ್ತದೆ, ಮೂರು ಬಾರ್ ಇಲ್ಲವೇ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ಮುಂದಕ್ಕೆ ನೂಕುತ್ತದೆ. ಒತ್ತಡ ಹೆಚ್ಚಿದರೆ ಕುದಿಯುವ ಬಿಂದುವೂ ಮೇಲೇರುತ್ತದೆ. ಒದ್ದೆ ಬಟ್ಟೆಯ ಕೆಲಸ ಮುಗಿಯಿತು. ನಮ್ಮ ಬಿಸಿಲಿಗೆ ಹೊಸ ಗಾಡಿ ಮಾಡಿದ ದೊಡ್ಡ ಉಪಕಾರ ಏರ್ ಕಂಡೀಷನರ್ ಎಂದು ಜನ ಅಂದುಕೊಳ್ಳುತ್ತಾರೆ, ನಾನು ಈ ಪಂಪು ಅನ್ನುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೂ ಆ ಬಾನೆಟ್ ಎತ್ತಿದ ಡ್ರೈವರನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಹಳೆಯ ಗಾಡಿಯ ನಿಜವಾದ ಗುಣ ಅಲ್ಲಿದೆ. ಅವನಿಗೆ ಪಂಪು ಎಲ್ಲಿದೆ ಎಂದು ಗೊತ್ತಿತ್ತು. ಅದಕ್ಕೆ ಏನಾಗಿದೆ ಎಂದು ಗೊತ್ತಿತ್ತು. ಕೈ ಹಾಕಲು ಜಾಗವಿತ್ತು, ಕೈ ಹಾಕಬೇಡ ಅನ್ನುವವರು ಯಾರೂ ಇರಲಿಲ್ಲ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ, ಕಿಡಿಯ ಹೊತ್ತು ಹಿಡಿಯುವ ಪಾಯಿಂಟ್ ಕಣ್ಣಿಗೇ ಕಾಣುತ್ತದೆ. ಸುಮಾರು 0.4 ಮಿಲಿಮೀಟರ್ ಸಂದು ಬೇಕು, ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ದಪ್ಪ ಕಾಗದ ಇಟ್ಟು ಸಂದು ಹಿಡಿದವರು ಈ ಸಭೆಯಲ್ಲೇ ಇದ್ದಾರೆ. ಬ್ಯಾಟರಿ ಸತ್ತರೆ ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲ್ ಇತ್ತು. ಎರಡು ಪಾನಾ, ಒಂದು ಪಕ್ಕಡ, ಒಂದು ಸ್ಕ್ರೂಡ್ರೈವರ್ ಇದ್ದರೆ ಚಿತ್ತಾಪುರದ ಗ್ಯಾರೇಜಿಗೂ ಕೋಲ್ಕತ್ತದ ಗ್ಯಾರೇಜಿಗೂ ಆ ಗಾಡಿ ಒಂದೇ ಉತ್ತರ ಕೊಡುತ್ತಿತ್ತು. ಶಾಲೆ ಬಿಟ್ಟ ಹುಡುಗ ಉಸ್ತಾದನ ಕೈಕೆಳಗೆ ಪಾನಾ ಎತ್ತಿಕೊಡುತ್ತ ಕಲಿತು, ಮುಂದೆ ತನ್ನದೇ ಗ್ಯಾರೇಜ್ ಹಾಕಿ, ತಂಗಿಯರ ಮದುವೆ ಮಾಡಿದ. ನಮ್ಮ ಭಾಗದಲ್ಲಿ ಕಾರ್ಖಾನೆಗಳು ಕಡಿಮೆ. ವಾಡಿ, ಶಹಾಬಾದಿನ ಸಿಮೆಂಟು, ಕಲ್ಲು ಬಿಟ್ಟರೆ ಕೈಕಸುಬಿನ ವಿದ್ಯೆ ಕೊಟ್ಟದ್ದು ಇಂಥ ಗ್ಯಾರೇಜುಗಳು. ಅಂಬಾಸಿಡರ್ ಗಟ್ಟಿ ಇತ್ತು ಎಂಬುದಕ್ಕಿಂತ, ಅದು ತನ್ನನ್ನು ಕಲಿಯಲು ಬಿಟ್ಟಿತು ಎಂಬುದು ದೊಡ್ಡದು.

ಈ ಮಾತು ಕೇಳಿ ಮಿಸ್ತ್ರಿಗಳು ಹೊಸ ಗಾಡಿಗೆ ಬೆನ್ನು ತಿರುಗಿಸಬಾರದು. ಹೊಸ ಎಂಜಿನ್ನಿಗೂ ಬೇಕಾದದ್ದು ಅವೇ ಮೂರು: ಗಾಳಿ, ಪೆಟ್ರೋಲು, ಸರಿಯಾದ ಹೊತ್ತಿಗೆ ಕಿಡಿ. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ 14.7 ಭಾಗ ಗಾಳಿ. ಹಳೆಯ ಗಾಡಿಯಲ್ಲಿ ಗಾಳಿ, ಪೆಟ್ರೋಲು ಬೆರೆಸುವ ಕಾರ್ಬೋರೇಟರ್ ಇದನ್ನು ಅಂದಾಜಿನಲ್ಲಿ ಮಾಡುತ್ತಿತ್ತು. ಈಗ ಸೈಲೆನ್ಸರ್ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಉರಿದ ಹೊಗೆಯನ್ನು ಅಳೆದು ಹೇಳುತ್ತದೆ, ಕಂಪ್ಯೂಟರ್ ಕ್ಷಣಕ್ಷಣಕ್ಕೂ ತಿದ್ದುತ್ತದೆ. ಹೊಗೆ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡಬೇಕಾದರೆ ಈ ಪ್ರಮಾಣ ತಪ್ಪಬಾರದು. ಅದಕ್ಕೇ ಇಷ್ಟೆಲ್ಲ ತಂತಿ, ಇಷ್ಟೆಲ್ಲ ಸೆನ್ಸರ್. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಹೊಗೆ ನಿಯಮದ ಗಾಡಿಯನ್ನು ಕಾರ್ಬೋರೇಟರಿನಿಂದ ಮಾಡಲು ಆಗುತ್ತಲೇ ಇರಲಿಲ್ಲ.

ಗಾಡಿಯ ಕಂಪ್ಯೂಟರ್ ಹೇಳುವ ದೋಷದ ಕೋಡ್ ಓದುವ ಸ್ಕ್ಯಾನರ್ ಹಚ್ಚಿದಾಗ ಪಿ 0171 ಎಂದು ಬಂತು ಅನ್ನಿ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅರ್ಥ. ಹಳೆಯ ಮಿಸ್ತ್ರಿ ಪ್ಲಗ್ ಬಿಚ್ಚಿ ಬಣ್ಣ ನೋಡಿ ಇದನ್ನೇ ಹೇಳುತ್ತಿದ್ದ. ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲ್ ಸಾಲದು, ಕಪ್ಪು ಮಸಿ ಕೂತಿದ್ದರೆ ಹೆಚ್ಚಾಗಿದೆ, ತಿಳಿ ಕಂದು ಇದ್ದರೆ ಸರಿ. ಸ್ಕ್ಯಾನರ್ ರೋಗದ ಲಕ್ಷಣ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ಹತ್ತಿರ ಪೈಪ್ ಸೀಳಿ ಗಾಳಿ ಎಳೆಯುತ್ತಿದೆಯೋ, ಪಂಪಿನ ಒತ್ತಡ ಬಿದ್ದಿದೆಯೋ, ಗಾಳಿ ಅಳೆಯುವ ಸೆನ್ಸರ್ ಮೇಲೆ ಧೂಳು ಕೂತಿದೆಯೋ ಎಂದು ಹುಡುಕುವುದು ಮನುಷ್ಯ. ಆ ಹುಡುಕಾಟ ಕಾರ್ಬೋರೇಟರ್ ಕಾಲದವರಿಗೆ ಚೆನ್ನಾಗಿ ಗೊತ್ತು. ಕೋಡ್ ನೋಡಿದ ಕೂಡಲೇ ಪಾರ್ಟ್ ಬದಲಿಸುವ ಅಭ್ಯಾಸ ಈಗಿನ ಹುಡುಗರಲ್ಲಿ ಬೆಳೆಯುತ್ತಿದೆ, ಗಿರಾಕಿಯ ದುಡ್ಡು ಹಾಳು. ಆದ್ದರಿಂದ ಇಲ್ಲಿ ಕೂತ ವಿದ್ಯಾರ್ಥಿಗಳಿಗೆ ನನ್ನ ವಿನಂತಿ: ರಜೆಯಲ್ಲಿ ಒಬ್ಬ ಹಳೆಯ ಉಸ್ತಾದನ ಹತ್ತಿರ ಹೋಗಿ ನಿಲ್ಲಿ. ನೀವು ಅವರಿಗೆ ಸ್ಕ್ಯಾನರ್ ಓದುವುದನ್ನು ಹೇಳಿಕೊಡಿ, ಅವರು ನಿಮಗೆ ಎಂಜಿನ್ನಿನ ಸದ್ದು ಕೇಳುವುದನ್ನು ಹೇಳಿಕೊಡುತ್ತಾರೆ.

ಆದರೆ ಒಂದು ಹಂತ ದಾಟಿದ ಮೇಲೆ ಜಾಣತನವೂ ಸಾಲುವುದಿಲ್ಲ, ಬಾಗಿಲೇ ಮುಚ್ಚಿರುತ್ತದೆ. ಕೆಲವು ಪಾರ್ಟುಗಳನ್ನು ಹಾಕಿದರೂ ಕಂಪನಿಯ ಸಾಫ್ಟ್‌ವೇರಿನಿಂದ ಗಾಡಿಗೆ ಪರಿಚಯಿಸದಿದ್ದರೆ ಅವು ಕೆಲಸ ಮಾಡುವುದಿಲ್ಲ. ಕೀ ಕಳೆದರೆ ಹಾಗೆ, ಕೆಲವು ಕಂಪ್ಯೂಟರ್ ಮಾಡ್ಯೂಲ್ ಬದಲಿಸಿದರೂ ಹಾಗೆ. ಆ ಸಾಫ್ಟ್‌ವೇರ್ ಹೊರಗಿನ ಗ್ಯಾರೇಜಿಗೆ ಸುಲಭಕ್ಕೆ ಸಿಗುವುದಿಲ್ಲ. ಸೇಡಂನಲ್ಲಿ ನಿಂತ ಗಾಡಿಯನ್ನು ಕಲಬುರಗಿಯ ಷೋರೂಮಿಗೆ ಎಳೆದು ತರಬೇಕು.

ಇದು ಕಾನೂನಿಗೂ ಗೊತ್ತಿರುವ ಸಂಗತಿ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಕಾರಣ ಇದೇ: ಬಿಡಿಭಾಗ, ರಿಪೇರಿ ಪುಸ್ತಕ, ಪರೀಕ್ಷೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂದು. ಅವು ಸಿಗುವಂತೆ ಮಾಡಬೇಕು ಎಂದೂ ಹೇಳಿತು. ದಂಡದ ವಿಷಯ ಮುಂದೆ ಮೇಲ್ಮನವಿಗಳಿಗೆ ಹೋಯಿತು. ಆದರೆ ಆಯೋಗ ಗುರುತಿಸಿದ ಅನ್ಯಾಯ ಯಾವುದು ಎಂಬುದು ನಮ್ಮ ರಿಂಗ್ ರೋಡಿನ ಪ್ರತಿ ಮಿಸ್ತ್ರಿಗೂ ಗೊತ್ತಿರಬೇಕು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ಅದರಲ್ಲಿ ವಾಹನಗಳೂ ಇವೆ, ಕೃಷಿ ಯಂತ್ರಗಳೂ ಇವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಜನರೇ ಮತ ಹಾಕಿ ಇದಕ್ಕೆ ಕಾನೂನು ತಂದರು. ಸೊನ್ನೆ ಸ್ಟಾರ್ ಐದಾದದ್ದು ಹೇಗೆ ಎಂದು ಆಗ ಹೇಳಿದೆನಲ್ಲ, ಅದೇ ದಾರಿ ಇಲ್ಲಿಯೂ ಇದೆ. ಗಾಡಿ ಕೊಳ್ಳಲು ಹೋದಾಗ ಏರ್‌ಬ್ಯಾಗ್ ಎಷ್ಟು ಎಂದು ಕೇಳುವಂತೆ, "ಇದರ ರಿಪೇರಿ ಪುಸ್ತಕ ನಮ್ಮ ಮಿಸ್ತ್ರಿಗೆ ಸಿಗ್ತದೇನ್ರಿ?" ಎಂದೂ ಕೇಳಬೇಕು. ಒಬ್ಬರು ಕೇಳಿದರೆ ಸೇಲ್ಸ್‌ಮನ್ ನಗಬಹುದು. ಊರೇ ಕೇಳಿದರೆ ಮೇಲಿನವರಿಗೆ ಬರೆದು ಕಳಿಸುತ್ತಾನೆ.

ಪ್ರಶ್ನೆಗಳಿಗೆ ಬರುತ್ತೇನೆ.

ಒಬ್ಬ ಟ್ಯಾಕ್ಸಿ ಚಾಲಕರು ಕೇಳಿದರು: "ಸರ, ಎಬಿಎಸ್ ಇದ್ದ ಗಾಡಿ ಬ್ರೇಕ್ ಒತ್ತಿದಾಗ ಕಾಲಾಗ ಗಡಗಡ ಅಂತದ. ಬಿಟ್ಟು ಬಿಟ್ಟು ಒತ್ತಬೇಕೇನು?"

ಬೇಡ್ರಿ. ಬಿಟ್ಟು ಬಿಟ್ಟು ಒತ್ತುವುದು ಎಬಿಎಸ್ ಇಲ್ಲದ ಹಳೆಯ ಬ್ರೇಕಿನ ಅಭ್ಯಾಸ. ಚಕ್ರ ಬಿಗಿದು ಜಾರಬಾರದು ಎಂದು ಕಾಲಿನಿಂದ ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರ ಸೆಕೆಂಡಿಗೆ ಎಷ್ಟೋ ಸಲ ಮಾಡುತ್ತದೆ, ಆ ಗಡಗಡ ಅದರದ್ದೇ. ನೀವು ಪೆಡಲನ್ನು ಪೂರ್ತಿ ಒತ್ತಿ ಹಿಡಿದು, ಸ್ಟೇರಿಂಗನ್ನು ಎಲ್ಲಿ ಹೋಗಬೇಕೋ ಆ ಕಡೆ ತಿರುಗಿಸಿ. ಮಳೆಗಾಲದಲ್ಲಿ ಹೊಲದ ಕರಿಮಣ್ಣು ರಸ್ತೆಗೆ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಬಿಡಿ ಮಣ್ಣು, ಜಲ್ಲಿಯ ಮೇಲೆ ಮಾತ್ರ ನಿಲ್ಲುವ ದೂರ ಹೆಚ್ಚಾಗಬಹುದು, ಅಲ್ಲಿ ಮೊದಲೇ ವೇಗ ಇಳಿಸಿ.

ಇನ್ನೊಬ್ಬ ಹುಡುಗ ಕೇಳಿದ: "ನಮ್ಮ ಕಾಕಾನ ಹತ್ರ 1970ರ ದಶಕದ ಅಂಬಾಸಿಡರ್ ಅದ. ಮಾರಬೇಕೋ, ಇಟ್ಕೊಬೇಕೋ?"

ಇಟ್ಟುಕೊಳ್ಳಲಿ. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಅದಕ್ಕೆ ನಂಬರಿನಲ್ಲಿ 'ವಿಎ' ಎಂದು ಬೇರೆ ಸರಣಿ ಇದೆ. ಹಾಗೆ ನೋಂದಾಯಿಸಿದ ಮೇಲೆ ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ, ಇದನ್ನು ಕಾಕಾ ಅವರಿಗೆ ಮೊದಲೇ ಹೇಳು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಇದೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪರದೆ) ಅದಕ್ಕೆ ತಡೆಯುವುದಿಲ್ಲ, ಮೆತ್ತಗಾಗಿ ಸೋರುತ್ತವೆ. ಎಂಜಿನ್ ಕಾವಿನ ಹತ್ತಿರ ಪೆಟ್ರೋಲ್ ಸೋರುವುದು ಬೆಂಕಿಯ ದಾರಿ, ಆದ್ದರಿಂದ ಎಥೆನಾಲ್ ತಡೆಯುವ ಪೈಪು ಹಾಕಿಸಬೇಕು. ಎಥೆನಾಲಿಗೆ ಗಾಳಿ ಕಡಿಮೆ ಸಾಕು, ಹಾಗಾಗಿ ಹಳೆಯ ಸೆಟ್ಟಿಂಗಿನಲ್ಲಿ ಪೆಟ್ರೋಲ್ ಸಾಲದೆ ಬರುತ್ತದೆ. ಪ್ಲಗ್ ಬೆಳ್ಳಗಾಗಿದ್ದರೆ ಉಸ್ತಾದರಿಂದ ಕಾರ್ಬೋರೇಟರ್ ತಿದ್ದಿಸಿ. ಬ್ರೇಕ್ ಪೈಪುಗಳನ್ನು ಒಂದೊಂದಾಗಿ ನೋಡಿಸು. ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸಾಲಿನ ಬ್ರೇಕ್ ಎಣ್ಣೆ, ಎಲ್ಲೋ ಒಂದು ಕಡೆ ಸೋರಿದರೆ ಪೆಡಲ್ ಪೂರ್ತಿ ನೆಲಕ್ಕೆ ಹೋಗುತ್ತದೆ. ಟೈರು ಸವೆದಿರದಿದ್ದರೂ ವಯಸ್ಸಾಗಿದ್ದರೆ ಬದಲಿಸಿ. ಮತ್ತೆ, ಊರೊಳಗೆ ಮೆಲ್ಲಗೆ ಓಡಿಸಲಿ, ಹೆದ್ದಾರಿಗೆ ಹೋಗುವಾಗ ಮನೆಮಂದಿಯನ್ನು ಹೊಸ ಗಾಡಿಯಲ್ಲಿ ಕರೆದೊಯ್ಯಲಿ. ಬಾನೆಟ್ ತೆಗೆಯುವ ದಿನ ನಿನ್ನ ಕ್ಲಾಸಿನ ಹುಡುಗರನ್ನೂ ಕರೆ. ಪಾಯಿಂಟ್ ಸೆಟ್ ಮಾಡುವುದನ್ನು ಕೈಯಿಂದ ಮಾಡಿ ಕಲಿಯಲು ನಿಮಗೆ ಇನ್ನೊಂದು ಗಾಡಿ ಸುಲಭಕ್ಕೆ ಸಿಗುವುದಿಲ್ಲ.